ಹೊಳೆಗಿಳಿಯುವ ಮೆಟ್ಟಿಲುಗಳು

ಚನ್ನಕೇಶವ ಮೇಷ್ಟ್ರು ಹೈಸ್ಕೂಲಿನಲ್ಲಿ ಡ್ರಿಲ್ ಹೇಳಿಕೊಡುತ್ತಿದ್ದವರು. ಸಂಬಳಕ್ಕೆ ಮಾಡಿದ ಆ ಕೆಲಸವನ್ನು ಹೊಳೆನರಸೀಪುರದಲ್ಲಿ ಈಗ ಯಾರೂ ನೆನೆಸಿಕೊಳ್ಳುವುದಿಲ್ಲ. ಊರಿಗೆ ಅವರು ಈಜಿನ ಮೇಷ್ಟ್ರು. ಬೇಸಿಗೆ ರಜೆ ಬಂತೆಂದರೆ ಬೆಳಗಾಗುತ್ತಲೇ ಮಕ್ಕಳ ಹಿಂಡು ಕಟ್ಟಿಕೊಂಡು ಸೇತುವೆಯ ಕೆಳಗಿನ ಮಡುವಿಗೆ ಹೊರಟುಬಿಡುತ್ತಿದ್ದರು. ಬೆನ್ನಿಗೆ ಬೆಂಡು ಕಟ್ಟಿ, ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು ತೇಲಿಸುವರು. ಆ ಅಂಗೈಯನ್ನು ಯಾವಾಗ ತೆಗೆದರೆಂಬುದು ಮಗುವಿಗೆ ತಿಳಿಯುತ್ತಲೇ ಇರಲಿಲ್ಲ.

ಹಳ್ಳಿಮೈಸೂರಿನಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರ ತರಗತಿಯ ಹುಡುಗನೊಬ್ಬ ಎದೆಮಟ್ಟದ ನೀರಿನಲ್ಲಿ ಸತ್ತಿದ್ದ. ಹೆಣವನ್ನು ದಡಕ್ಕೆ ಹೊತ್ತು ತಂದವರು ಮೇಷ್ಟ್ರೇ. ‘ನಿಂತ್ಕೊಂಡಿದ್ರೆ ಸಾಕಿತ್ತು ಕಣಮ್ಮ, ನಿಂತ್ಕೊಂಡಿದ್ರೆ ಬದುಕ್ತಿದ್ದ’ ಎಂದು ಒಮ್ಮೆ ಮಾತ್ರ ನೇತ್ರಾಳ ಹತ್ತಿರ ಹೇಳಿದ್ದರು.

ನೇತ್ರಾ ಅವರ ಶಿಷ್ಯೆ. ಪೇಟೆ ಬೀದಿಯ ದಿನಸಿ ಅಂಗಡಿಯವರ ಮಗಳು. ಹೆಣ್ಣುಮಕ್ಕಳು ಹೊಳೆಯಲ್ಲಿ ಬಟ್ಟೆ ಒಗೆಯಬಹುದಿತ್ತು, ಕಾಲು ತೊಳೆಯಬಹುದಿತ್ತು, ಈಜುವಂತಿರಲಿಲ್ಲ. ಅವಳ ತಾಯಿ ಬಸವಲಿಂಗಮ್ಮ ಬೇಡವೆಂದು ಹಟ ಹಿಡಿದಾಗ ಮೇಷ್ಟ್ರು ತಮ್ಮ ಹೆಂಡತಿ ಹಂಸಮ್ಮನನ್ನು ಕರೆತಂದು ದಡದಲ್ಲಿ ಕೂರಿಸಿ, ‘ಇವಳ ಕಣ್ಣೆದುರಿಗೇ ಕಲಿಸ್ತೀನಿ, ಆಯ್ತಲ್ಲ’ ಎಂದಿದ್ದರು. ಮುಂದೆ ನೇತ್ರಾ ಮೈಸೂರಿನಲ್ಲಿ ಆರ್ಕಿಟೆಕ್ಚರ್ ಓದಿದಳು, ಹಾಸನದಲ್ಲಿ ಗೌರೀಶಂಕರ ಎಂಬುವರ ಕಚೇರಿಗೆ ಸೇರಿದಳು. ಬಸ್ ನಿಲ್ದಾಣ, ಕಲ್ಯಾಣ ಮಂಟಪ, ಅರಕಲಗೂಡಿನಲ್ಲೊಂದು ಸಂತೆ ಮಾಳ, ಹೀಗೆ ಸಿಕ್ಕಿದ್ದಕ್ಕೆಲ್ಲ ನಕ್ಷೆ ಬರೆಯುವ ಕಚೇರಿ ಅದು.

ಒಂದು ದಿನ ಗೌರೀಶಂಕರ ಅವಳನ್ನು ಕರೆದು, “ನಿಮ್ಮೂರಿನ ಕೆಲಸ ಬಂದಿದೆ ನೋಡು. ಹೊಳೆದಂಡೆ ಪುನರುಜ್ಜೀವನ. ಕಾಲುದಾರಿ, ದೀಪ, ಪಾರ್ಕು. ಕೊನೇಲಿ ಜಲಕ್ರೀಡೆ ಅಂತ ಒಂದು ಸಾಲಿದೆ. ನಾಲ್ಕು ದೋಣಿ ತೋರಿಸಿ ಮುಗಿಸಿಬಿಡು” ಎಂದರು.

ನೇತ್ರಾ ಆ ಒಂದು ಸಾಲನ್ನು ಹಿಡಿದುಕೊಂಡು ಆ ಶನಿವಾರವೇ ಬಸ್ಸು ಹತ್ತಿ ಮೇಷ್ಟ್ರ ಮನೆಗೆ ಹೋದಳು.

ನರಸಿಂಹಸ್ವಾಮಿ ದೇವಸ್ಥಾನದ ಬೀದಿಯಲ್ಲಿ ಮನೆ. ಮೇಷ್ಟ್ರು ಜಗಲಿಯ ಮೇಲೆ ಕೂತು ಹಳೆಯ ಲಾರಿ ಟ್ಯೂಬಿಗೆ ತೇಪೆ ಹಾಕುತ್ತಿದ್ದರು. ಅವಳು ಹೇಳಿದ್ದನ್ನು ಪೂರ್ತಿ ಕೇಳಿದ ಮೇಲೂ ನಂಬಿಕೆ ಬರಲಿಲ್ಲ.

“ನಮ್ಮೂರಲ್ಲಿ? ಮಕ್ಕಳಿಗೆ ಈಜು ಕಲಿಸೋ ಜಾಗ?”

“ಹೌದು ಮೇಷ್ಟ್ರೇ. ಹೆಂಗಿರಬೇಕು ಹೇಳಿ. ನೀವು ಹೇಳಿದಂಗೇ ಬರೀತೀನಿ.”

ಅವರು ಟ್ಯೂಬನ್ನು ಪಕ್ಕಕ್ಕಿಟ್ಟು ಚಪ್ಪಲಿ ಮೆಟ್ಟಿದರು. “ಇಲ್ಲಿ ಕೂತು ಹೇಳೋದೇನು, ನಡಿ.”

ಆ ಬೇಸಿಗೆಯೆಲ್ಲ ಇಬ್ಬರೂ ದಂಡೆಯ ಮೇಲೆ ಕಳೆದರು. ಹೊಳೆ ಬಡಕಲಾಗಿತ್ತು. ಗೊರೂರಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ಉಂಟು, ಇಲ್ಲದಿದ್ದರೆ ಬಂಡೆಗಳ ಸಂದಿನಲ್ಲಿ ಹರಿದಷ್ಟೇ ನೀರು. ಒಂದು ಕಾಲಕ್ಕೆ ಆಳು ಮುಳುಗುತ್ತಿದ್ದ ಮಡುವಿನಲ್ಲಿ ಮಕ್ಕಳು ಕೈಯೂರಿ ತೆವಳುತ್ತಿದ್ದವು. ಮೇಷ್ಟ್ರು ಹೇಳುತ್ತಾ ಹೋದರು, ಅವಳು ಬರೆಯುತ್ತಾ ಹೋದಳು. ಹೊಳೆಗೆ ಅಗಲವಾದ ಮೆಟ್ಟಿಲು ಬೇಕು, ಮುದುಕರೂ ಇಳಿಯುವ ಹಾಗೆ. ಮೊದಲ ದಿನದ ಮಗುವಿಗೆ ಕಾಲು ನೆಲಕ್ಕೆ ತಾಗುವಷ್ಟು ನೀರಿನ ಜಾಗ ಬೇರೆ. ಹೆಣ್ಣುಮಕ್ಕಳು ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ. ಹುಟ್ಟು ಹಾಕುವುದನ್ನು ಕಲಿಸಲು ಸಣ್ಣ ದೋಣಿಗಳು. ಯಾರೂ ಟಿಕೆಟ್ಟು ಕೇಳಬಾರದು.

“ಆಳ ಬೇಕು ಕಣಕ್ಕ,” ಎಂದಳು ರಂಜಿನಿ. ಗೂಡ್ಸ್ ಆಟೋ ಓಡಿಸುವ ಮಂಜುನಾಥನ ಮಗಳು, ಏಳನೇ ಕ್ಲಾಸು. ಆಗ ಮೇಷ್ಟ್ರ ಶಿಷ್ಯರಲ್ಲೆಲ್ಲ ಚೆನ್ನಾಗಿ ಈಜುತ್ತಿದ್ದವಳು ಅವಳೇ. “ನೀವು ಬರೀ ಚಿಕ್ಕ ಮಕ್ಕಳಿಗೆ ಮಾಡ್ತಿದ್ದೀರ. ಅಲ್ಲಿಂದ ಡೈವ್ ಒಡೆಯೋಂಗಿರ್ಬೇಕು.” ಬಂಡೆಯೊಂದನ್ನು ತೋರಿಸಿದಳು.

“ಅಷ್ಟು ಎತ್ತರದಿಂದಾನಾ? ತಲೆ ಒಡ್ಕೋತೀಯ,” ಎಂದಳು ನೇತ್ರಾ.

“ನೀರಿದ್ರೆ ಯಾಕ್ ಒಡೀತದೆ?”

ಮೇಷ್ಟ್ರು ನಕ್ಕರು. “ಬರ್ಕೋ ನೇತ್ರಾ. ಆಳಾನೂ ಬರ್ಕೋ.”

ಜೂನ್‌ನಲ್ಲಿ ಊರಿನವರ ಸಭೆ ಕರೆದರು. ಬೆಳಗಿನ ವಾಕಿಂಗಿನವರು ಟೈಲ್ಸ್ ಹಾಕಿದ ದಾರಿ ಕೇಳಿದರು. ವರ್ತಕರು ತಿಂಡಿ ಅಂಗಡಿಗೆ ಜಾಗ ಕೇಳಿದರು. ಬಣ್ಣದ ದೀಪದ ಕಾರಂಜಿ ಬೇಕೆಂದು ಒಬ್ಬರು ಬಹಳ ಹೊತ್ತು ಮಾತಾಡಿದರು. ಈಜಿನ ಬಗ್ಗೆ ಕೇಳಿದಾಗ ಹಿಂದಿನ ಸಾಲಿನಲ್ಲಿ ಕೂತಿದ್ದ ಮಂಜುನಾಥ ಎದ್ದು, “ನಮ್ಮುಡ್ಗೀರು ಕಲೀತವ್ರೆ ಸಾ. ಅದನ್ನ ಮಾತ್ರ ಕೈಬಿಡಬ್ಯಾಡಿ” ಎಂದಷ್ಟೇ ಹೇಳಿ ಕೂತುಬಿಟ್ಟ. ನೇತ್ರಾಳಿಗೆ ಅಷ್ಟೇ ಸಾಕಾಯಿತು.

ಹಾಸನಕ್ಕೆ ಹಿಂದಿರುಗಿ ಅವಳು ನಕ್ಷೆಗೆ ಕೂತಳು. ಬೇಸಿಗೆಯಲ್ಲೂ ನೀರು ನಿಲ್ಲಬೇಕಾದರೆ ಹೊಳೆಗೆ ಅಡ್ಡಲಾಗಿ ಒಂದು ಗಿಡ್ಡ ಒಡ್ಡು ಕಟ್ಟಬೇಕು. ಆದರೆ ಒಡ್ಡು ಕಟ್ಟುವ ಜಾಗಕ್ಕಿಂತ ಮೇಲೆ ಊರಿನ ಎರಡು ದೊಡ್ಡ ಚರಂಡಿಗಳು ಹೊಳೆಗೆ ಸೇರುತ್ತಿದ್ದವು. ಹರಿಯುವ ಹೊಳೆ ಆ ಕೊಳಕನ್ನು ಹೇಗೋ ಹೊತ್ತುಕೊಂಡು ಹೋಗುತ್ತಿತ್ತು. ನೀರು ನಿಂತರೆ ಕೊಳಕೂ ನಿಲ್ಲುತ್ತದೆ. ಅದಕ್ಕೇ ಅವಳು ವರದಿಯ ಮೊದಲ ಪುಟದಲ್ಲೇ ಬರೆದಳು: ಮೊದಲು ಚರಂಡಿಗಳನ್ನು ತಿರುಗಿಸಿ ಶುದ್ಧೀಕರಣ ಘಟಕಕ್ಕೆ ಸೇರಿಸಬೇಕು, ಒಡ್ಡು ಆಮೇಲೆ.

ಯೋಜನೆ ನೋಡಿಕೊಳ್ಳಲು ಹೊಳೆದಂಡೆ ಸಮಿತಿ ಎಂದೊಂದು ಮಾಡಿದ್ದರು. ಅದರ ಎಂಜಿನಿಯರು ಅನಿಲ್‌ಕುಮಾರ್, ಮೆತ್ತಗೆ ಮಾತಾಡುವ ಮನುಷ್ಯ. ಸಭೆಯಲ್ಲಿ ಅವರು ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಚೆನ್ನಾಗಿದೆ ಮೇಡಂ. ಆದರೆ ಕ್ರಮ ಬದಲಾಗಬೇಕು. ಒಡ್ಡು ಮತ್ತು ಮೆಟ್ಟಿಲು ಈ ವರ್ಷ. ಚರಂಡಿ ಎರಡನೇ ಹಂತದಲ್ಲಿ.”

“ಚರಂಡಿ ಮೊದಲಾಗದೆ ಒಡ್ಡು ಕಟ್ಟೋ ಹಾಗಿಲ್ಲ ಸರ್.”

“ನನಗೆ ಗೊತ್ತಿಲ್ಲವಾ? ಚರಂಡಿಗೆ ಜಾಗ ಬಿಡಿಸ್ಕೋಬೇಕು, ಬೇರೆ ಇಲಾಖೆಯ ಒಪ್ಪಿಗೆ ಬೇಕು. ಮಾರ್ಚ್ ಒಳಗೆ ಕೆಲಸ ಕಾಣಿಸದೆ ಹೋದರೆ ಅನುದಾನ ವಾಪಸ್ ಹೋಗುತ್ತೆ. ಹೋದರೆ ಮತ್ತೆ ಬರಲ್ಲ. ಒಡ್ಡು ಬೇಡ ಅಂತ ನೀವು ಬರೆದುಕೊಟ್ಟರೆ ಜಲಕ್ರೀಡೆ ಸಾಲು ತೆಗೆದುಹಾಕಿ ಬರೀ ಕಾಲುದಾರಿ ಮಾಡ್ತೀವಿ. ನಿಮ್ಮ ಇಷ್ಟ.”

ಬೆದರಿಕೆಯ ದನಿಯೇ ಅಲ್ಲ ಅದು. ಇದ್ದದ್ದನ್ನು ಇದ್ದ ಹಾಗೆ ಹೇಳುವ ದನಿ. ಗೌರೀಶಂಕರ ಹೊರಗೆ ಬಂದ ಮೇಲೆ, “ಸಹಿ ನಿನ್ನದು ನೇತ್ರಾ, ಯೋಚನೆ ಮಾಡು” ಎಂದು ಕಾರು ಹತ್ತಿದರು.

ಮೇಷ್ಟ್ರು ಬೇಡವೆನ್ನುತ್ತಾರೆ, ಆಗ ಬೇಡವೆಂದು ಬರೆದುಕೊಡುವುದು ಸುಲಭವಾಗುತ್ತದೆ ಎಂದುಕೊಂಡು ಅವಳು ಅವರ ಮನೆಗೆ ಹೋದಳು. ಹಂಸಮ್ಮ ಕಾಫಿ ಕೊಟ್ಟು ಅಲ್ಲೇ ಬಾಗಿಲಿಗೊರಗಿ ನಿಂತರು. ಮೇಷ್ಟ್ರು ಎಲ್ಲ ಕೇಳಿಸಿಕೊಂಡರು.

“ಕೊಳಕು ಎಷ್ಟು ದಿನ ನಿಲ್ಲುತ್ತೆ?”

“ಚರಂಡಿ ತಿರುಗಿಸೋವರೆಗೂ.”

“ತಿರುಗಿಸ್ತೀವಿ ಅಂತಿದಾರಲ್ಲ.”

“ಅಂತಿದಾರೆ.”

ಮೇಷ್ಟ್ರು ಲೋಟವನ್ನು ನೆಲದ ಮೇಲಿಟ್ಟರು. “ಹೋದ ಬೇಸಿಗೇಲಿ ನೋಡಿದೆಯಲ್ಲ. ಮಕ್ಕಳು ಮೊಣಕಾಲುದ್ದ ನೀರಲ್ಲಿ ಕೈಯೂರಿಕೊಂಡು ಈಜು ಬಂತು ಅಂತಾವೆ. ಬರಲ್ಲ ಅದು. ಆಗಸ್ಟ್‌ನಲ್ಲಿ ಹೊಳೆ ತುಂಬಿದಾಗ ಅದೇ ಮಕ್ಕಳು ಬರುತ್ತೆ ಅಂದ್ಕೊಂಡು ಇಳೀತಾವೆ. ಅರ್ಧಂಬರ್ಧ ಕಲಿಸೋದಕ್ಕಿಂತ ಕಲಿಸದೆ ಇರೋದೇ ವಾಸಿ. ನನಗೆ ಎಪ್ಪತ್ತು ದಾಟಿತು. ಇನ್ನೊಂದು ಸಲ ಯಾರಾದರೂ ಬಂದು ನಮ್ಮನ್ನ ಕೇಳ್ತಾರೆ ಅಂದ್ಕೊಂಡಿದೀಯ?”

“ನೀವು ಬೇಡ ಅಂತೀರಿ ಅಂದ್ಕೊಂಡು ಬಂದೆ.”

“ನನ್ನ ಕೈಲಿ ಬೇಡ ಅನ್ನಿಸೋಕೆ ಬಂದೆ.”

ನೇತ್ರಾ ತಲೆ ತಗ್ಗಿಸಿದಳು. ಅವರು ಸ್ವಲ್ಪ ಮೆತ್ತಗಾಗಿ, “ಆಗಲಿ ಅನ್ನು ಕಣಮ್ಮ. ನೀರು ನಿಲ್ಲಲಿ ಮೊದಲು. ಮಕ್ಕಳು ಅದರಲ್ಲಿ ಇಳಿದು ಆಡೋದನ್ನ ಊರು ನೋಡಿದರೆ ಚರಂಡೀನ ಊರೇ ಕೇಳಿ ಮಾಡಿಸುತ್ತೆ” ಎಂದರು.

ಅದನ್ನು ಅವಳು ನಂಬಿದಳೆಂದೂ ಹೇಳಲಾಗದು, ನಂಬಲಿಲ್ಲವೆಂದೂ ಹೇಳಲಾಗದು. ಅವರ ಮುಖದಲ್ಲಿದ್ದ ಆಸೆ ನೋಡಿ ಇಲ್ಲವೆನ್ನಲು ಬಾಯಿ ಬರಲಿಲ್ಲ. ಮಾರನೆಯ ಸೋಮವಾರ ಸಹಿ ಮಾಡಿದಳು.

ಬೇಸಿಗೆ ಮುಗಿಯುವುದರೊಳಗೆ ಒಡ್ಡು ಎದ್ದಿತು. ಮೆಟ್ಟಿಲು ಅವಳು ಬರೆದ ಹಾಗೆಯೇ ಬಂದವು, ಸಾದರಹಳ್ಳಿ ಕಲ್ಲಿನವು, ಕಾಲು ಜಾರದ ಹಾಗೆ ಒರಟು ಕೆತ್ತಿದವು. ಉದ್ಘಾಟನೆಯ ದಿನ ಶಾಮಿಯಾನ, ಮೈಕು, ಹಾರ. ಮೇಷ್ಟ್ರಿಗೂ ಒಂದು ಶಾಲು ಹೊದಿಸಿದರು. ಅವರು ಅದನ್ನು ಮಡಿಸಿ ಹಂಸಮ್ಮನ ಕೈಗೆ ಕೊಟ್ಟು ನೀರಿಗಿಳಿದುಬಿಟ್ಟರು.

ಆ ಮಳೆಗಾಲ ಮತ್ತು ಅದರ ನಂತರದ ಕೆಲವು ತಿಂಗಳು ಅವರಿಬ್ಬರ ಪಾಲಿಗೆ ಒಳ್ಳೆಯ ಕಾಲ. ಗೊರೂರಿನಿಂದ ನೀರು ಬರುತ್ತಿತ್ತು, ಒಡ್ಡಿನ ಮೇಲೆ ಹಾಯ್ದು ಹೋಗುತ್ತಿತ್ತು, ಊರಿನ ಕೊಳಕೂ ಅದರ ಜೊತೆಗೆ ಹೋಗುತ್ತಿತ್ತು. ಪ್ರವಾಹ ಇಳಿದ ಮೇಲೆ ಭಾನುವಾರಗಳಂದು ಮೆಟ್ಟಿಲ ತುಂಬ ಮಕ್ಕಳು. ಬುರ್ಖಾ ಹಾಕಿದ ತಾಯಂದಿರೂ ಸೆರಗು ಹೊದ್ದ ತಾಯಂದಿರೂ ಒಂದೇ ಸಾಲಿನಲ್ಲಿ ಕೂತು ಟವೆಲ್ ಹಿಡಿದು ಕಾಯುವರು. ಕೆಂಪು ಬಣ್ಣದ ಸಣ್ಣ ದೋಣಿಗಳು ಬಂದವು. ರಂಜಿನಿ ಒಂದೇ ವಾರದಲ್ಲಿ ಹುಟ್ಟು ಹಾಕುವುದನ್ನು ಕಲಿತು ಅಕ್ಕಪಕ್ಕದ ದೋಣಿಯವರನ್ನು ಬೇಕೆಂದೇ ಮಗುಚತೊಡಗಿದಳು. ಅವಳನ್ನು ಜಿಲ್ಲಾ ಮಟ್ಟದ ಈಜಿನ ಆಯ್ಕೆಗೆ ಕಳಿಸಬೇಕೆಂದು ಮೇಷ್ಟ್ರು ಮಂಜುನಾಥನನ್ನು ಮನೆಗೆ ಕರೆಸಿ ಹೇಳಿದರು. “ಇವಳು ಇನ್ನು ಎಲ್ಲಿ ಬಿದ್ದರೂ ಎದ್ದು ಬರ್ತಾಳೆ ಕಣಯ್ಯ. ಇವಳ ಯೋಚನೆ ಬಿಟ್ಟುಬಿಡು.”

ಸಂಕ್ರಾಂತಿ ಕಳೆಯಿತು. ಅಣೆಕಟ್ಟಿನ ನೀರು ನಿಂತಿತು. ಒಡ್ಡಿನ ಮೇಲೆ ಹಾಯುವ ನೀರು ಮೊದಲು ತೆಳುವಾಯಿತು, ಆಮೇಲೆ ಇಲ್ಲವಾಯಿತು.

ನಿಂತ ನೀರು ಮೊದಲು ಹಸಿರಾಯಿತು. ಬಳಿಕ ಅಂತರಗಂಗೆ ಬಂತು, ಒಂದು ಮೂಲೆಯಲ್ಲಿ ಅಂಗೈಯಗಲ, ತಿಂಗಳೊಳಗೆ ಹೊಳೆಯಗಲ. ಸಂಜೆ ದಂಡೆಯ ಮೇಲೆ ನಿಲ್ಲಲಾಗದ ವಾಸನೆ. ಮೇಷ್ಟ್ರು ಹುಡುಗರನ್ನು ಕಟ್ಟಿಕೊಂಡು ಗಿಡ ಕಿತ್ತು ರಾಶಿ ಹಾಕಿದರು. ಕಿತ್ತಷ್ಟೂ ಬಂತು. ಮಕ್ಕಳ ಮೈಮೇಲೆ ಗಂದೆ ಎದ್ದವು. ಒಬ್ಬಳಿಗೆ ಕಿವಿ ಸೋರಿತು, ಕೆಲವರಿಗೆ ವಾಂತಿ ಭೇದಿ. ತಾಯಂದಿರು ಬರುವುದು ನಿಂತಿತು. ಊರೇ ಕೇಳಿ ಮಾಡಿಸುತ್ತದೆಂದು ಮೇಷ್ಟ್ರು ಅಂದಿದ್ದರಲ್ಲ, ಊರು ಹಾಗೇನೂ ಕೇಳಲಿಲ್ಲ. ಮೂಗು ಮುಚ್ಚಿಕೊಂಡು ವಾಕಿಂಗಿನ ದಾರಿಯನ್ನು ಬದಲಿಸಿತು.

ನೇತ್ರಾ ಸಮಿತಿಯ ಕಚೇರಿಗೆ ಅಲೆದಳು. ಚರಂಡಿಯ ಕೆಲಸಕ್ಕೆ ಇನ್ನೂ ಟೆಂಡರೇ ಕರೆದಿರಲಿಲ್ಲ. ಕೊಳವೆ ಹಾಯಬೇಕಾದ ಜಾಗದ ಬಗ್ಗೆ ತಕರಾರಿತ್ತು. “ನನ್ನ ಕೈಲಿದ್ದಿದ್ರೆ ನಾಳೇನೇ ಮಾಡಿಸ್ತಿದ್ದೆ ಮೇಡಂ” ಎಂದರು ಅನಿಲ್‌ಕುಮಾರ್. ಸುಳ್ಳಲ್ಲವೆಂದು ಅವಳಿಗೂ ಗೊತ್ತಾಗುತ್ತಿತ್ತು. ಹಾಗಾದರೆ ಕೈಲಿರುವುದು ಯಾರದೆಂದು ಹುಡುಕಿಕೊಂಡು ಹೋದರೆ ಪ್ರತಿಯೊಬ್ಬರೂ ಮತ್ತೊಬ್ಬರನ್ನು ತೋರಿಸಿದರು. ಕೊನೆಗೆ ಸಮಿತಿಯವರು ತಮಗೆ ಸಾಧ್ಯವಿದ್ದ ಒಂದೇ ಕೆಲಸ ಮಾಡಿದರು. ದೋಣಿಗಳನ್ನು ಶೆಡ್ಡಿಗೆ ಹಾಕಿ ಬೀಗ ಜಡಿದು, ಮೆಟ್ಟಿಲ ತಲೆಯಲ್ಲಿ ‘ನೀರಿಗೆ ಇಳಿಯುವುದನ್ನು ನಿಷೇಧಿಸಲಾಗಿದೆ’ ಎಂದು ಫಲಕ ನೆಟ್ಟರು. ಸೇತುವೆಯಿಂದ ಒಡ್ಡಿನವರೆಗೆ ಎಲ್ಲಿಯೂ ಇಳಿಯುವಂತಿರಲಿಲ್ಲ. ಮೇಷ್ಟ್ರು ಕಲಿಸುತ್ತಿದ್ದ ಹಳೆಯ ಮಡುವೂ ಅದರೊಳಗೇ ಬಂತು.

ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಮೇಷ್ಟ್ರ ಫೋನ್ ಬಂತು. ಬಹಳ ದಿನದ ಮೇಲೆ ಅವರ ದನಿಯಲ್ಲಿ ಗೆಲುವಿತ್ತು.

“ಹಳ್ಳಿಮೈಸೂರು ಕಡೆ ನಾಲೇಲಿ ನೀರು ಬಿಟ್ಟಿದಾರೆ ನೇತ್ರಾ. ಕೆರೆ ತುಂಬಿಸೋಕಂತೆ. ಎಷ್ಟು ತಿಳಿಯಾಗಿದೆ ಅಂದ್ರೆ ತಳ ಕಾಣುತ್ತೆ. ಮಕ್ಕಳನ್ನ ಅಲ್ಲಿಗೇ ಕರ್ಕೊಂಡು ಹೋಗ್ತಿದೀನಿ. ಮಂಜುನಾಥ ಆಟೋದಲ್ಲಿ ಬಿಡ್ತಾನೆ.”

“ನಾಲೆ ಬೇಡ ಮೇಷ್ಟ್ರೇ. ಎರಡೂ ಕಡೆ ಸಿಮೆಂಟಿನ ಇಳಿಜಾರು. ಹತ್ತೋಕೆ ಹಿಡಿತ ಇರಲ್ಲ.”

“ಅಡ್ಡ ಹಗ್ಗ ಕಟ್ಟಿದೀನಿ. ಹಗ್ಗ ದಾಟೋ ಹಾಗಿಲ್ಲ ಅಂತ ಹೇಳಿದೀನಿ. ಮೇ ತಿಂಗಳಲ್ಲಿ ರಂಜಿನಿ ಆಯ್ಕೆ ಇದೆ, ನೀರಿಗೆ ಇಳಿದೇ ಎಷ್ಟು ದಿನ ಆಯ್ತು ಹುಡುಗಿ. ಬೇರೆ ಎಲ್ಲಿಗೆ ಕರ್ಕೊಂಡು ಹೋಗಲಿ, ಹೇಳು.”

ಹೇಳಲು ಅವಳ ಹತ್ತಿರ ಜಾಗವಿರಲಿಲ್ಲ. ಇದ್ದ ಒಂದು ಜಾಗವನ್ನು ಹಾಳು ಮಾಡಿದ ನಕ್ಷೆ ತನ್ನದು. ಅಲ್ಲಿಗೆ ಹೋಗಬೇಡಿ, ಇಲ್ಲಿಗೆ ಹೋಗಬೇಡಿ ಎನ್ನಲು ತನಗೇನು ಮುಖವಿದೆ ಎನ್ನಿಸಿತು. “ಹುಷಾರಾಗಿ ನೋಡ್ಕೊಳ್ಳಿ” ಎಂದು ಫೋನಿಟ್ಟಳು.

ಒಂದು ವಾರ ಏನೂ ಆಗಲಿಲ್ಲ. ಆಮೇಲೆ ಒಂದು ದಿನ ನಾಲೆಯಲ್ಲಿ ನೀರು ಹೆಚ್ಚು ಬಂತು. ಹೆಚ್ಚೆಂದರೆ ಗಾಬರಿಯಾಗುವಷ್ಟಲ್ಲ, ಕಣ್ಣಿಗೆ ಗೊತ್ತಾಗದಷ್ಟು. ರಂಜಿನಿ ಹಗ್ಗದವರೆಗೆ ಈಜಿ ಬಂದು ತಿರುಗಬೇಕಿತ್ತು. ತಿರುಗುವಾಗ ಸೆಳೆತ ಅವಳನ್ನು ಹಗ್ಗದ ಕೆಳಗಿನಿಂದ ಆಚೆಗೆ ಒಯ್ದಿತು. ಅವಳು ಹೆದರಲಿಲ್ಲ. ಹೇಳಿಕೊಟ್ಟ ಹಾಗೆಯೇ ನೀರಿಗೆ ಎದುರು ಹೋಗದೆ ಓರೆಯಾಗಿ ಈಜಿ ಪಕ್ಕಕ್ಕೆ ಬಂದಳು. ಇಳಿಜಾರಿನ ಮೇಲೆ ಕೈಯಿಟ್ಟಳು. ಪಾಚಿ. ಕೈ ಜಾರಿತು. ಮತ್ತೆ ಇಟ್ಟಳು. ಮೇಷ್ಟ್ರು ಟ್ಯೂಬು ಎತ್ತಿಕೊಂಡು ಏರಿಯ ಮೇಲೆ ಓಡುತ್ತಿದ್ದರು. ಅವರು ಎಸೆದ ಟ್ಯೂಬು ಅವಳನ್ನು ದಾಟಿ ಮುಂದೆ ಹೋಯಿತು. ಅವರೂ ಹಾರಿದರು. ತೋಟಕ್ಕೆ ನೀರು ಕಟ್ಟುತ್ತಿದ್ದ ನಂಜಪ್ಪ ಎಂಬ ರೈತ ಪಂಚೆ ಬಿಚ್ಚಿ ಎಸೆದು, ಅದರ ತುದಿ ಹಿಡಿದ ಮೇಷ್ಟ್ರನ್ನು ಎಳೆದುಕೊಂಡ. ರಂಜಿನಿ ಬಹಳ ದೂರದವರೆಗೆ ಈಜಿದಳೆಂದು ಅವನು ಆಮೇಲೆ ಹೇಳಿದ. ಕೈ ಸೋಲುವವರೆಗೆ ಈಜಿದಳು. ತೂಬಿನ ಹತ್ತಿರ ಸಿಕ್ಕಿದಳು.

ನೇತ್ರಾ ಹಾಸನದಿಂದ ಬರುವ ಹೊತ್ತಿಗೆ ಆಸ್ಪತ್ರೆಯ ಮುಂದೆ ಜನ ಸೇರಿದ್ದರು. ಮೇಷ್ಟ್ರು ಒದ್ದೆ ಬಟ್ಟೆಯಲ್ಲೇ ಕಟ್ಟೆಯ ಮೇಲೆ ಕೂತಿದ್ದರು. ಮಕ್ಕಳನ್ನು ನಾಲೆಗೆ ಕರೆದೊಯ್ದ ಮೇಷ್ಟ್ರ ಮೇಲೆ ದೂರು ಕೊಡಬೇಕೆಂದು ನಾಲ್ಕು ಜನ ಮಂಜುನಾಥನ ಸುತ್ತ ಮಾತಾಡುತ್ತಿದ್ದರು. ಅವನು ಅವರನ್ನು ಸರಿಸಿಕೊಂಡು ಬಂದು ಮೇಷ್ಟ್ರ ಎದುರು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತ.

“ಕೇಸ್ ಆಕು ಅಂತಾವ್ರೆ ಸಾ. ನಾನ್ ಆಕಾಕಿಲ್ಲ. ನೀವೂ ನೀರಿಗೆ ಆರಿದ್ರಂತೆ.” ಮೇಷ್ಟ್ರ ಮುಖ ನೋಡಿದ. “ಈಜು ಬತ್ತಿತ್ತಲ್ಲ ಸಾ ಅವಳ್ಗೆ. ಎಲ್ ಬಿದ್ರೂ ಎದ್ದು ಬತ್ತಾಳೆ ಅಂತ ನೀವೇ ಏಳಿದ್ರಿ. ನಮ್ಮನೆಯವ್ಳು ಅದೊಂದ್ನೇ ಕೇಳ್ತಾ ಕೂತವ್ಳೆ, ಈಜು ಬತ್ತಿತ್ತಲ್ಲ, ಈಜು ಬತ್ತಿತ್ತಲ್ಲ ಅಂತ. ಅವಳ್ಗೆ ಏನಂತ ಏಳ್ಲಿ?”

ಅವನು ಆಪಾದನೆ ಮಾಡುತ್ತಿರಲಿಲ್ಲ. ನಿಜವಾಗಿಯೂ ಉತ್ತರ ಕೇಳುತ್ತಿದ್ದ. ಆಮೇಲೆ ಎದ್ದು ಹೋದ.

ಅವನು ದೂರು ಕೊಡದಿದ್ದರೂ ಪೊಲೀಸರು ಬಂದು ಕೇಳಿದರು. ಮೇಷ್ಟ್ರು ಎಲ್ಲವನ್ನೂ ತಮ್ಮ ಮೇಲೆ ಹಾಕಿಕೊಂಡು ಹೇಳಿಕೆ ಕೊಟ್ಟರು. ನಾಲೆಯಲ್ಲಿ ಈಜುವಂತಿಲ್ಲವೆಂದು ಗೊತ್ತಿತ್ತು, ಗೊತ್ತಿದ್ದೇ ಕರೆದೊಯ್ದೆ, ತಪ್ಪು ನನ್ನದು. ನೇತ್ರಾ ನಡುವೆ ಬಾಯಿ ಹಾಕಿದಳು. ಹೊಳೆ ಹಾಳಾದದ್ದರಿಂದಲೇ ಅವರು ನಾಲೆಗೆ ಹೋದದ್ದು, ಹೊಳೆ ಹಾಳಾದದ್ದು ಒಡ್ಡಿನಿಂದ, ಒಡ್ಡಿನ ನಕ್ಷೆಗೆ ಸಹಿ ಹಾಕಿದವಳು ನಾನು ಎಂದಳು. ಬರೆದುಕೊಳ್ಳುತ್ತಿದ್ದಾತ ತಲೆಯೆತ್ತಿ ನೋಡಿದ.

“ಅದಕ್ಕೂ ಇದಕ್ಕೂ ಏನು ಸಂಬಂಧ ಮೇಡಂ? ಹೊಳೆ ಎಲ್ಲಿ, ನಾಲೆ ಎಲ್ಲಿ.”

ಅವಳು ಮತ್ತೆ ಹೇಳಿದಳು, ನಿಧಾನವಾಗಿ, ಮೊದಲಿನಿಂದ. ಆತ ಪೂರ್ತಿ ಕೇಳಿದ. ಬರೆದುಕೊಳ್ಳಲಿಲ್ಲ. ಮೇಷ್ಟ್ರು ಮುಖ ತಿರುಗಿಸಿ ಗೋಡೆ ನೋಡುತ್ತಿದ್ದರು. ಅವರಿಗೆ ತನ್ನ ಪಾಲು ಬೇಕಿಲ್ಲವೆಂದು ಅವಳಿಗೆ ಆಗ ತಿಳಿಯಿತು. ಇಬ್ಬರೂ ಸೇರಿ ಹೊತ್ತರೆ ಭಾರ ಕಡಿಮೆಯಾದೀತೆಂದು ಅವಳು ಎಣಿಸಿದ್ದಳು. ಅವರು ಒಬ್ಬರೇ ಹೊರಲು ಹೊರಟಿದ್ದರು.

ಹದಿನೈದು ದಿನ ಕಳೆದ ಮೇಲೆ ಸಮಿತಿಯಿಂದ ಗೌರೀಶಂಕರ ಅವರಿಗೆ ಕೆಲಸ ಬಂತು. ಮಗುವೊಂದು ಸತ್ತ ಮೇಲೆ ನೀರಿನ ಬಗ್ಗೆ ಎಲ್ಲರಿಗೂ ಹೆದರಿಕೆ. ದಂಡೆಯುದ್ದಕ್ಕೂ ಆಳೆತ್ತರದ ತಂತಿ ಬೇಲಿ ಹಾಕಬೇಕು. “ಇದನ್ನ ದಿಲೀಪನಿಗೆ ಕೊಡ್ತೀನಿ, ನೀನು ಬೇಡ” ಎಂದು ಕಚೇರಿಯ ಇನ್ನೊಬ್ಬ ಹುಡುಗನ ಹೆಸರು ಹೇಳಿದರು ಗೌರೀಶಂಕರ. ಅವಳು ತಾನೇ ಬರೆಯುತ್ತೇನೆಂದಳು. ತನ್ನದೇ ಮೆಟ್ಟಿಲುಗಳ ನಕ್ಷೆಯನ್ನು ತೆರೆದು ಅದರ ಮೇಲೆ ಗೆರೆ ಎಳೆದಳು. ಕಂಬ, ತಂತಿ, ಕಂಬ, ತಂತಿ. ತಿಥಿ ಕರ್ಮಕ್ಕೆ ಬರುವವರಿಗಾಗಿ ಒಂದು ಕಡೆ ಸಣ್ಣ ಬಾಗಿಲು ಬಿಡಬೇಕೆಂದು ಸಮಿತಿ ಸೂಚಿಸಿತ್ತು. ಅದನ್ನೂ ಬರೆದಳು.

ಮಳೆಗಾಲಕ್ಕೆ ಮೊದಲು ಒಂದು ಭಾನುವಾರ ಧೈರ್ಯ ಮಾಡಿ ಮೇಷ್ಟ್ರ ಮನೆಗೆ ಹೋದಳು. ಬಾಗಿಲು ತೆರೆದ ಹಂಸಮ್ಮ ಹೊರಗೇ ನಿಂತು ದನಿ ತಗ್ಗಿಸಿದರು.

“ತಲೆ ಮೇಲೆ ನೀರು ಹಾಕ್ಕೊಳ್ಳೋದಿಲ್ಲ ಕಣೆ. ಒಂದು ತಂಬಿಗೆ ನೀರು ಮುಖದ ಹತ್ತಿರ ಬಂದ್ರೆ ಉಸಿರು ಕಟ್ಟಿದಂಗೆ ಮಾಡ್ತಾರೆ. ಒದ್ದೆ ಬಟ್ಟೇಲಿ ಒರೆಸ್ತಾ ಇದೀನಿ, ಮಗೂಗೆ ಒರೆಸಿದಂಗೆ. ಡಾಕ್ಟ್ರು ಸರಿ ಹೋಗುತ್ತೆ ಅಂತಾರೆ. ನೀನು ಏನೂ ಕೇಳಬೇಡ.”

ಮೇಷ್ಟ್ರು ಒಳಗೆ ಮಂಚದ ಮೇಲೆ ಕೂತಿದ್ದರು. ಗಡ್ಡ ಬೆಳೆದು ಮುಖ ಸಣ್ಣದಾಗಿತ್ತು. ನೇತ್ರಾ ಎದುರಿನ ಕುರ್ಚಿಯಲ್ಲಿ ಕೂತಳು. ಹೊರಗೆ ಯಾರದೋ ಸ್ಕೂಟರ್ ಹೋಯಿತು. ಕ್ಷಮಿಸಿ ಎನ್ನಬೇಕೆಂದು ಅವಳು ಬಸ್ಸಿನುದ್ದಕ್ಕೂ ಅಂದುಕೊಂಡು ಬಂದಿದ್ದಳು. ಅಂದರೆ ಅವರೂ ಏನಾದರೂ ಅನ್ನಬೇಕಾಗುತ್ತದೆ. ಅವರು ಅದನ್ನು ತಡೆಯಲಾರರು ಎನ್ನಿಸಿ ಸುಮ್ಮನಾದಳು.

“ಒಡ್ಡು ಒಡೀಬಹುದಾ?” ಎಂದರು ಮೇಷ್ಟ್ರು, ಇದ್ದಕ್ಕಿದ್ದಂತೆ.

“ಮೇಷ್ಟ್ರೇ?”

“ಕಟ್ಟಿದ್ದನ್ನ ಒಡೀಬಹುದಲ್ಲ. ನೀರು ಹರಿದು ಹೋಗಲಿ. ಈಜೋದೇನೂ ಬೇಡ ಇನ್ನು. ಹರಿದು ಹೋದರೆ ಸಾಕು.”

“ಕೇಳ್ತೀನಿ. ಒಪ್ಪಿಗೆ ಬೇಕಾಗುತ್ತೆ.”

“ಕೇಳಿ ನೋಡು.” ಮೊದಲ ಬಾರಿಗೆ ಅವಳ ಮುಖ ನೋಡಿದರು. ಬಳಿಕ ಕಣ್ಣು ತೆಗೆದರು. “ಕೇಳಿಕೊಂಡು ಬಾ. ಅಲ್ಲೀವರೆಗೂ ಬರಬೇಡ ನೇತ್ರಾ. ನಿನ್ನ ನೋಡಿದ್ರೆ ನನಗೆ ಅದೆಲ್ಲ ಮತ್ತೆ... ಬೇಜಾರು ಮಾಡ್ಕೋಬೇಡ.”

ಅವಳು ಬೇಜಾರು ಮಾಡಿಕೊಳ್ಳುವುದಿಲ್ಲವೆಂದು ಹೇಳಿ ಎದ್ದಳು.

ಒಡ್ಡು ಒಡೆಯುವ ಒಪ್ಪಿಗೆಯ ಬೆನ್ನು ಹತ್ತಿ ಅವಳು ನಡೆದದ್ದು ಒಡ್ಡು ಕಟ್ಟುವಾಗ ನಡೆದದ್ದಕ್ಕಿಂತ ಹೆಚ್ಚು. ಅನಿಲ್‌ಕುಮಾರ್‌ಗೆ ವರ್ಗವಾಗಿತ್ತು. ಹೊಸಬರು ಹಳೆಯ ಕಡತ ಓದಿರಲಿಲ್ಲ. ಹೊಳೆ ಮತ್ತೆ ತುಂಬಿತು, ಒಡ್ಡಿನ ಮೇಲೆ ಹಾಯ್ದಿತು, ವಾಸನೆ ಹೋಯಿತು. ನೀರು ಚೆನ್ನಾಗಿ ಕಾಣತೊಡಗಿದ ಮೇಲೆ ಅವಳ ಮಾತು ಯಾರಿಗೂ ಅರ್ಥವಾಗದಂತಾಯಿತು. ದಸರೆಯ ಹಿಂದಿನ ವಾರ ಹೊಸ ಎಂಜಿನಿಯರು ಅವಳನ್ನು ಕೂರಿಸಿ ಕಾಫಿ ತರಿಸಿದರು.

“ಕಟ್ಟಿ ಎರಡು ವರ್ಷ ಆಗಿಲ್ಲ. ಗಟ್ಟಿಯಾಗಿದೆ. ಗಟ್ಟಿಯಾಗಿರೋ ಕಟ್ಟಡ ಒಡೆಯೋಕೆ ನಾನು ಏನು ಕಾರಣ ಬರೀಲಿ ಮೇಡಂ? ಅದೂ ನಕ್ಷೆ ಮಾಡಿದ ನೀವೇ ಬಂದು ಕೇಳ್ತಿದ್ದೀರಿ.” ಅವರಿಗೆ ನಿಜಕ್ಕೂ ವಿಚಿತ್ರವೆನಿಸಿತ್ತು. “ಬೇಲಿ ಹಾಕಿದೀವಲ್ಲ. ಇನ್ನು ಯಾರಿಗೂ ಏನೂ ಆಗಲ್ಲ.”

ಅಲ್ಲಿಂದ ಹೊರಟು ಅವಳು ಹೊಳೆನರಸೀಪುರದ ಬಸ್ಸು ಹತ್ತಿದಳು. ಕೇಳಿಕೊಂಡು ಬಾ ಎಂದಿದ್ದರು. ಕೇಳಿದ್ದಾಗಿತ್ತು. ದೇವಸ್ಥಾನದ ಬೀದಿಯ ತಿರುವಿನವರೆಗೆ ನಡೆದಳು. ಅಲ್ಲಿಂದ ಮೇಷ್ಟ್ರ ಮನೆಯ ಜಗಲಿ ಕಾಣುತ್ತದೆ. ಹಂಸಮ್ಮ ತಂತಿಯ ಮೇಲೆ ಟವೆಲ್ ಹರವುತ್ತಿದ್ದರು. ನೇತ್ರಾ ತಿರುವಿನಲ್ಲಿದ್ದ ಹೂವಿನಂಗಡಿಯ ಮರೆಯಲ್ಲಿ ನಿಂತಳು. ಅವರು ಒಳಗೆ ಹೋಗುವವರೆಗೂ ನಿಂತಿದ್ದು, ಬಂದ ದಾರಿಯಲ್ಲೇ ಹಿಂದಿರುಗಿ ಪೇಟೆ ಬೀದಿಯ ತನ್ನ ಮನೆಗೆ ಬಂದಳು.

ಬಸವಲಿಂಗಮ್ಮ ತಟ್ಟೆಗೆ ಮುದ್ದೆ ಹಾಕಿ, “ಮೇಷ್ಟ್ರ ಮನೇಗೆ ಓಗಿದ್ಯಾ? ಎಂಗವ್ರೆ?” ಎಂದು ಕೇಳಿದರು.

“ಹೋಗಲಿಲ್ಲವ್ವ.”

“ಯಾಕವ್ವಾ?”

ನೇತ್ರಾ ಮುದ್ದೆ ಮುರಿದು ಸಾರಿನಲ್ಲಿ ಅದ್ದಿದಳು. ತಾಯಿ ಸಾರಿನ ಪಾತ್ರೆಯನ್ನು ಅವಳ ಹತ್ತಿರಕ್ಕೆ ಸರಿಸಿ ಪಕ್ಕದಲ್ಲಿ ಕೂತರು.